ಅವರ ಸೀಟು ಮುಂದಕ್ಕೆ ಬಂತು

ಗೆಳೆಯರೇ, ತೀರಿಹೋದ ನನ್ನ ಗಂಡ ಮಿಲಿಟರಿ ಹರಾಜಿನಲ್ಲಿ ಕೊಂಡಿದ್ದ ಹಳೆಯ ಪಿಕಪ್ಪಿಗೆ ಇವತ್ತು ಹಡಗಲಿಯ ಗ್ಯಾರೇಜಿನಲ್ಲಿ ಪವರ್ ಸ್ಟೀರಿಂಗ್ ಕೂಡಿಸಿದರು. ಮಾಗಳದಿಂದ ಮಲ್ಲಿಗೆ ಮೂಟೆಗಳನ್ನು ಇನ್ನು ನಾನೇ ತರಬೇಕು. ಹತ್ತಿ ಕೂತರೆ ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಅವರು ತಮ್ಮ ಉದ್ದ ಕಾಲಿಗೆ ತಕ್ಕಂತೆ ಸೀಟನ್ನು ಹಿಂದಕ್ಕೆ ಸರಿಸಿ ವೆಲ್ಡಿಂಗ್ ಮಾಡಿಸಿದ್ದರು.

“ಕೊಯ್ದು ಮುಂದಕ್ಕ ಹಾಕ್ಲೇನ್ರಿ ಅಕ್ಕಾ?” ಎಂದ ಮೇಸ್ತ್ರಿ.

“ಅಣ್ಣ ಕುಂತ ಸೀಟ್ ಐತಿ, ಮುಟ್ಟಬ್ಯಾಡಲೇ!” ಎಂದು ಜೊತೆಗೆ ಬಂದಿದ್ದ ಮೈದುನ ಅಡ್ಡ ನಿಂತ. “ಬೆನ್ನಿಗೆ ದಿಂಬು ಇಟ್ಕೊರಿ ಅತ್ತಿಗಿ.”

“ದಿಂಬಿಗೆ ಒರಗಿ ಬ್ರೇಕ್ ಹೊಡಿಯಾಕ ಆಗ್ತೈತೇನಪ್ಪಾ? ಕೊಯ್ರಿ ಮೇಸ್ತ್ರಿ,” ಎಂದೆ.

ಕೊಯ್ಯುವಷ್ಟು ಹೊತ್ತು ರಸ್ತೆಯಲ್ಲಿ ನಿಂತಿದ್ದೆ. ಈಗ ಕಾಲು ಎಟುಕುತ್ತದೆ. ಅವರು ಎದ್ದು ಬಂದರೂ ಇನ್ನು ಪಕ್ಕದ ಸೀಟಿನಲ್ಲೇ ಕೂರಬೇಕು.