ಬೆರಳಿಗೆ ಸಿಕ್ಕ ಮೆಟ್ಟಿಲು

ಎಂಬತ್ತರ ದಶಕದಲ್ಲಿ ಸಂತೇಬೆನ್ನೂರಿನಲ್ಲಿ ನಮ್ಮದು ಬಡಗಿ ಕೆಲಸ. ಚನ್ನಗಿರಿಯ ಕಾಲೇಜು ಮೇಷ್ಟ್ರೊಬ್ಬರು ರೇಡಿಯೊದಿಂದ ನಡೆಸುವ ಪುಟ್ಟ ವಿಮಾನ ತಂದು, ನೀರಿನ ಮೇಲಿಂದ ಹಾರಿಸಬೇಕು, ಚಕ್ರ ತೆಗೆದು ತೇಲುವ ಕಾಲು ಕೂರಿಸಿಕೊಡು ಎಂದರು. ಹಗುರವಾದ ಬೂರುಗದ ಮರದಲ್ಲಿ ದೋಣಿಯಂಥ ಎರಡು ಕಾಲು ಕೆತ್ತಿದೆ. ತಳದ ನಡುವೆ ಅಡ್ಡಲಾಗಿ, ಹಿಂಭಾಗ ಒಂದಿಷ್ಟು ಮೇಲಕ್ಕೆ ಸರಿದಂತೆ, ಸಣ್ಣ ಮೆಟ್ಟಿಲು ಇರಲೇಬೇಕೆಂದು ಮೇಷ್ಟ್ರು ಒತ್ತಿ ಹೇಳಿದ್ದರು. ಅದಿಲ್ಲದಿದ್ದರೆ ನೀರು ವಿಮಾನವನ್ನು ಬಿಟ್ಟುಕೊಡುವುದಿಲ್ಲವಂತೆ.

ಅಪ್ಪನಿಗೆ ಆಗ ಕಣ್ಣು ಪೂರ್ತಿ ಹೋಗಿತ್ತು. ಆದರೂ ಅವನ ಹೆಬ್ಬೆರಳು ಸವರದೆ ಯಾವ ಸಾಮಾನೂ ಹೊರಗೆ ಹೋಗುವಂತಿರಲಿಲ್ಲ. ನನಗೆ ಅದಕ್ಕೇ ಮೈಯೆಲ್ಲ ಉರಿಯುತ್ತಿತ್ತು. ಹೊರಡುವ ದಿನ ಬೆಳಿಗ್ಗೆ ಮೆಟ್ಟಿಲಿನ ಮಾತೆತ್ತದೆ ವಿಮಾನವನ್ನು ಅವನ ಮಡಿಲಿಗಿಟ್ಟು ಸ್ನಾನಕ್ಕೆ ಹೋದೆ.

ಸೂಳೆಕೆರೆಗೆ ಅವನನ್ನೂ ಕರೆದೊಯ್ದೆವು. ವಿಮಾನ ನೀರು ಸೀಳಿಕೊಂಡು ಓಡಿತೇ ಹೊರತು ಮೇಲೇಳಲಿಲ್ಲ. ದಡಕ್ಕೆ ತಂದು ತಿರುಗಿಸಿದರೆ ಮೆಟ್ಟಿಲೇ ಇಲ್ಲ. ನನ್ನ ಉಳಿ ಜಾರಿದೆಯೆಂದುಕೊಂಡು, ನನಗೆ ಅವಮಾನವಾಗದಿರಲೆಂದು, ಅಪ್ಪ ಸದ್ದಿಲ್ಲದೆ ತೋಪಡ ಹೊಡೆದು ತಳವನ್ನು ಸಮ ಮಾಡಿದ್ದ. ಅಷ್ಟು ನುಣುಪು ಇನ್ಯಾರ ಕೈಗೂ ಬರುತ್ತಿರಲಿಲ್ಲ.

"ಮೆಟ್ಟಿಲು ಎಲ್ಲಯ್ಯಾ?" ಎಂದರು ಮೇಷ್ಟ್ರು.

"ಮರ್ತುಬಿಟ್ಟೆ ಸಾರ್," ಎಂದೆ.

ಅವರು ಬೇಸರದಿಂದಲೇ ಮತ್ತೊಮ್ಮೆ ನೀರಿಗೆ ಬಿಟ್ಟರು. ದೂರದಲ್ಲಿ ಏರಿಯ ಮೇಲೆ ಕೂತಿದ್ದ ಅಪ್ಪ ಇಂಜಿನ್ನಿನ ಸದ್ದು ಕೇಳಿ ಕೂಗಿದ: "ಹಾರ್ತಾ ಐತೇನೋ?"

"ಹಾರ್ತಾ ಐತಪ್ಪಾ!" ಎಂದು ನಾನೂ ಕೂಗಿದೆ. ಮೇಷ್ಟ್ರು ನನ್ನ ಮುಖ ನೋಡಿದರು.

ವಿಮಾನ ನೀರಿನ ಮೇಲೆಯೇ ಸುತ್ತುತ್ತಿತ್ತು. ಅಪ್ಪ ತಲೆಯ ಟವೆಲ್ಲು ತೆಗೆದು, ಸದ್ದು ಹೋದ ಕಡೆಗೆಲ್ಲ ಮುಖ ತಿರುಗಿಸುತ್ತ, ಆಕಾಶವನ್ನೇ ನೋಡುತ್ತಿದ್ದ.