ಪೆನ್ನು ಬೇಡದ ದಾನ

ಲೀಡ್ಸ್‌ನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಇವತ್ತು ಉಪವಾಸದ ಹಬ್ಬ. ಊರಿನ ಸೇವಾಸಂಸ್ಥೆಗಳಿಗೆ ಇವರು ದಾನ ಹಂಚುವ ದಿನ. ಯಾರಿಗೆ ದಾನ ಎಂದು ಆರಿಸಲು ಎಲ್ಲರಿಗೂ ಕೊಟ್ಟ ಕಾರ್ಡಿನಲ್ಲಿ ನನ್ನ ಗೆಳತಿ ಸುಧಾ ವೃದ್ಧರಿಗಾಗಿ ನಡೆಸುವ ಊಟದ ಕ್ಲಬ್ಬಿನ ಹೆಸರೂ ಇದೆ!

"ಯಾರೂ ನಮ್ಮನ್ನ ಆರಿಸ್ಲಿಲ್ಲ ಅಂದ್ರೆ ಕ್ರಿಸ್‌ಮಸ್ ಹೊತ್ತಿಗೆ ಕ್ಲಬ್ ಮುಚ್ಬೇಕು ಕಣೇ," ಎಂದು ಸುಧಾ ಪಿಸುಗುಟ್ಟಿದಳು.

ನಾನು ಉತ್ಸಾಹದಲ್ಲಿ ಗುರುತು ಹಾಕಲು ಪೆನ್ನು ತೆಗೆದೆ. ಪಕ್ಕದಲ್ಲಿದ್ದ ಯಹೂದಿ ಅಜ್ಜಿ ನನ್ನ ಕೈ ಹಿಡಿದು ತಡೆದರು.

"ಹಬ್ಬದ ದಿನ ನಮ್ಮಲ್ಲಿ ಬರೆಯೋ ಹಾಗಿಲ್ಲಮ್ಮ, ಆರಿಸಿದ್ದನ್ನ ಮಡಚಬೇಕು."

ನೋಡಿದರೆ, ಕಾರ್ಡಿನ ಅಂಚಿನಲ್ಲಿ ಒಂದೊಂದು ಸಂಸ್ಥೆಗೂ ಮಡಚೋಕೆ ಬರುವ ಹಾಗೆ ಒಂದೊಂದು ಕಾಗದದ ಪಟ್ಟಿ ಸೀಳಿ ಬಿಟ್ಟಿದ್ದಾರೆ! ಸಭೆಯ ತುಂಬ ಕಾಗದ ಮಡಚುವ ಸದ್ದು. ಅಜ್ಜಿ ನಮ್ಮ ಕ್ಲಬ್ಬಿನ ಪಟ್ಟಿಯನ್ನೇ ಮಡಚಿ ಉಗುರಿನಿಂದ ಗಟ್ಟಿಯಾಗಿ ಒತ್ತಿದರು.

"ನಿನ್ನೆ ಸಂಜೆಯಿಂದ ಉಪವಾಸ," ಎಂದರು. "ಊಟ ಅನ್ನೋ ಪದ ಬಿಟ್ಟು ಬೇರೇನು ಕಣ್ಣಿಗೆ ಬೀಳುತ್ತೆ ಹೇಳು?"