ದೇವರ ಮುಂದಿನ ಲಕೋಟೆ

ಕೊರಿಯಾದ ಒಂದು ಹಾಸ್ಯ ಧಾರಾವಾಹಿಯ ಕೊನೆಯ ಕಂತು ನೋಡಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಶುರು ಮಾಡಿದ್ದು ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ, ಮುಗಿಸಿದ್ದು ಆಸ್ಟಿನ್‌ನಲ್ಲಿ.

ತೊಂಬತ್ತರ ದಶಕದ ಕೊನೆ. ಧಾರವಾಡದಲ್ಲಿ ಹಲ್ಲಿನ ಡಾಕ್ಟರಾಗಿದ್ದ ನಾನು ಮದುವೆಯಾಗಿ ಇರ್ವಿಂಗ್‌ಗೆ ಬಂದಿದ್ದೆ. ಗಂಡನ ವೀಸಾಕ್ಕೆ ಅಂಟಿಕೊಂಡ ನನ್ನ ವೀಸಾದಲ್ಲಿ ಅಡುಗೆ ಮಾಡಬಹುದಿತ್ತು, ಓದಬಹುದಿತ್ತು, ಕೆಲಸ ಮಾಡುವ ಹಾಗಿರಲಿಲ್ಲ. ಗಂಡ ಮೈಸೂರಿನವರು. ಇದ್ದ ಒಂದೇ ಕಾರನ್ನು ತೆಗೆದುಕೊಂಡು ಬೆಳಿಗ್ಗೆ ಪಕ್ಕದ ಊರು ಫಾರ್ಮರ್ಸ್ ಬ್ರಾಂಚ್‌ನ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ನನಗೆ ನಡೆದು ಹೋಗಲು ಸಿಗುತ್ತಿದ್ದದ್ದು ಒಂದು ಡ್ರೈ ಕ್ಲೀನಿಂಗ್ ಅಂಗಡಿ ಮಾತ್ರ. ಅದನ್ನು ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಕೊರಿಯನ್ ಹೆಂಗಸು. ಗಂಡನ ಕೋಟು ಕೊಡಲು ಹೋದವಳು ಕೌಂಟರಿನ ಹಿಂದಿನ ಪುಟ್ಟ ಟಿವಿ ನೋಡುತ್ತ ನಿಂತುಬಿಟ್ಟೆ. ಆಕೆ ಸ್ಟೂಲು ಎಳೆದುಕೊಟ್ಟರು. ಅಂದಿನಿಂದ ನನಗೆ ಅವರು ಆಂಟಿ.

ಟಿವಿಯಲ್ಲಿ ಓಡುತ್ತಿದ್ದದ್ದು ಆಂಟಿ ಬಾಡಿಗೆಗೆ ತಂದ ಕ್ಯಾಸೆಟ್ಟು. ನೂಡಲ್ಸ್ ಅಂಗಡಿಯ ಹುಡುಗಿಗೆ ವಿಮಾನ ಹಾರಿಸುವ ಆಸೆ. ಬ್ಯಾಂಕಿನ ಗುಮಾಸ್ತನೊಂದಿಗೆ ಮದುವೆಯಾದ ಮೇಲೆ ಪೈಲಟ್ ಶಾಲೆಯಿಂದ ಸೀಟು ಸಿಕ್ಕ ಕಾಗದ ಬರುತ್ತದೆ. ಹೆಂಡತಿ ಎಲ್ಲಿ ಹಾರಿಹೋಗುತ್ತಾಳೋ ಎಂದು ಗಂಡ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎಲೆಕೋಸಿನ ಉಪ್ಪಿನಕಾಯಿಯ ಭರಣಿಯೊಳಗೆ ಹುಗಿಯುತ್ತಾನೆ. ಆಮೇಲೆ ಪ್ರತಿ ಕಂತಿನಲ್ಲೂ ಯಾರೋ ಆ ಭರಣಿಗೆ ಕೈ ಹಾಕುವುದು, ಅವನು ಹೌಹಾರುವುದು. ಮಾತು ಒಂದೂ ಅರ್ಥವಾಗುತ್ತಿರಲಿಲ್ಲ. ಆಂಟಿ ತಮಗೆ ಬರುವ ಹತ್ತಿಪ್ಪತ್ತು ಇಂಗ್ಲಿಷ್ ಶಬ್ದಗಳಲ್ಲಿ ಕಥೆ ಹೇಳುತ್ತಿದ್ದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು.

ಉಳಿದ ಹೊತ್ತು ಪರೀಕ್ಷೆಗೆ ಓದಿದೆ. ಹ್ಯೂಸ್ಟನ್‌ನ ಒಂದು ಕಾಲೇಜಿನಲ್ಲಿ ಎರಡು ವರ್ಷ ಓದಿದರೆ ಈ ದೇಶದಲ್ಲಿ ಮತ್ತೆ ಹಲ್ಲಿನ ಡಾಕ್ಟರಾಗಬಹುದಿತ್ತು. ಹ್ಯೂಸ್ಟನ್ ಎಂದರೆ ನಾಲ್ಕು ಗಂಟೆಯ ಹಾದಿ, ಬೇರೆ ಮನೆ ಮಾಡಬೇಕು. ಗಂಡನನ್ನು ಕೇಳಿದೆ. "ಓದು. ಯಾರು ಬೇಡ ಅಂದ್ರು?" ಎಂದರು. ಈ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ಮಾತು ಅದು. ಬೇಡ ಅಂದವರೊಂದಿಗೆ ಜಗಳವಾಡಬಹುದು, ಯಾರು ಬೇಡ ಅಂದ್ರು ಅನ್ನುವವರೊಂದಿಗೆ ಏನು ಮಾಡುವುದು?

ಸೀಟು ಸಿಕ್ಕಿತು. ಕಾಗದ ಬಂದದ್ದು ಒಂದು ಶುಕ್ರವಾರ. ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿ, ಅದು ಮುಂದಿನ ಶುಕ್ರವಾರದೊಳಗೆ ಕಾಲೇಜು ತಲುಪುವಂತೆ ಕಳಿಸಬೇಕಿತ್ತು. ಆಗ ಅತ್ತೆ ಆರು ತಿಂಗಳಿಗೆಂದು ಬಂದು ನಮ್ಮೊಂದಿಗಿದ್ದರು. ಕೆಟ್ಟವರಲ್ಲ. ಮರುದಿನ ನಾನು ಸಹಿ ಹಾಕಿ ಲಕೋಟೆ ಅಂಟಿಸುವುದನ್ನು ನೋಡಿ ಖುಷಿಯಿಂದಲೇ ಇಸಿದುಕೊಂಡು, ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು.

"ಇವತ್ತು ಶನಿವಾರ, ಬೇಡಮ್ಮ. ಒಳ್ಳೇ ದಿನ ನೋಡಿ ಹಾಕೋಣ."

ಭಾನುವಾರ ಅಂಚೆ ಇಲ್ಲ. ಅತ್ತೆ ಮೈಸೂರಿನಿಂದ ತಂದ ಪಂಚಾಂಗದ ಪ್ರಕಾರ ಮಂಗಳವಾರ ಅಮಾವಾಸ್ಯೆ. ಅವರ ಎಂಜಿನಿಯರ್ ಮಗ ಕಾಗದ ಪೆನ್ನು ಹಿಡಿದು ಎರಡು ದೇಶಗಳ ಗಂಟೆಗಳ ವ್ಯತ್ಯಾಸ ಕಳೆದು, ಇಲ್ಲಿ ಸೋಮವಾರವೇ ಅಮಾವಾಸ್ಯೆ ಹತ್ತುತ್ತದೆ ಎಂದರು. ಮೈಸೂರಿನದು ಸರಿಯೋ ಟೆಕ್ಸಾಸಿನದು ಸರಿಯೋ ಎಂದು ತಾಯಿ ಮಗ ಊಟದ ಹೊತ್ತಿಡೀ ಚರ್ಚಿಸಿ, ಯಾವುದಕ್ಕೂ ಇರಲಿ ಎಂದು ಎರಡು ದಿನವನ್ನೂ ಬಿಟ್ಟರು. ಬುಧವಾರ ಪಾಡ್ಯ. ಗುರುವಾರ ರಾಯರ ವಾರ, ಅವತ್ತೇ ಪ್ರಶಸ್ತ ಎಂದು ತೀರ್ಮಾನವಾಯಿತು.

"ಶುಕ್ರವಾರದೊಳಗ ಮುಟ್ಟಬೇಕಲ್ರಿ," ಎಂದೆ.

"ಒಂದೆರಡು ದಿನ ಹೆಚ್ಚುಕಮ್ಮಿ ಆದ್ರೆ ಏನೂ ಆಗಲ್ಲ ಬಿಡು," ಎಂದರು ಗಂಡ.

ಆ ಐದು ದಿನವೂ ಲಕೋಟೆ ದೇವರ ಮುಂದೆ ನಮ್ಮೆಲ್ಲರ ಕಣ್ಣೆದುರಿಗೇ ಇತ್ತು. ಅತ್ತೆ ದಿನಾ ಅದರ ಮೇಲೊಂದು ಹೂವಿಡುತ್ತಿದ್ದರು. ಊಟಕ್ಕೆ ಕೂತಾಗ ನಾನು ಧಾರಾವಾಹಿಯ ಕಥೆ ಹೇಳುತ್ತಿದ್ದೆ. "ಅಯ್ಯೋ ಪಾಪ, ಅವಳಿಗೆ ಆ ಕಾಗದ ಸಿಕ್ತಾ?" ಎಂದು ಅತ್ತೆ ಕೇಳುತ್ತಿದ್ದರು. ಇವರು ಅನ್ನ ಕಲಸುತ್ತ, "ಎಂಥಾ ಗಂಡನಪ್ಪ ಅವನು," ಎನ್ನುತ್ತಿದ್ದರು.

ಗುರುವಾರ ರಾಹುಕಾಲಕ್ಕೆ ಮುಂಚೆ ಅಂಚೆಗೆ ಬಿದ್ದ ಲಕೋಟೆ ತಡವಾಗಿ ತಲುಪಿತು. ಕಾಯುವ ಪಟ್ಟಿಯಲ್ಲಿದ್ದವರಿಗೆ ಸೀಟು ಕೊಟ್ಟಿದ್ದೇವೆ ಎಂದು ಕಾಲೇಜಿನವರು ಎರಡು ಸಾಲು ಬರೆದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಪೂಜಾರಿಗಳೇ ಹೆಚ್ಚು. ಅತ್ತೆ ಅತ್ತರು, ನಿಜವಾಗಿಯೇ ಅತ್ತರು. ಗಂಡ, "ಮುಂದಿನ ವರ್ಷ ಹಾಕು. ಯಾರು ಬೇಡ ಅಂದ್ರು?" ಎಂದರು.

ಡ್ರೈ ಕ್ಲೀನಿಂಗ್ ಅಂಗಡಿಗೆ ಆಮೇಲೆ ಹೋಗಲಿಲ್ಲ. ಆಂಟಿಗೆ ಕಾಲೇಜಿನ ವಿಷಯ ಹೇಳಿದ್ದೆ, "ಹ್ಯೂಸ್ಟನ್ ಯಾವಾಗ?" ಎಂದು ಕೇಳಿದರೆ ಏನು ಹೇಳಲಿ?

ಮುಂದಿನ ವರ್ಷ ನಾನು ಹ್ಯೂಸ್ಟನ್‌ಗೆ ಹೋದೆ. ಗಂಡನಿಗೆ ಅಲ್ಲಿನ ಕ್ಲಿಯರ್ ಲೇಕ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು, ಶಿಫ್ಟ್ ಆದೆವು. ಕೆಲಸದ ಕಾಗದ ಬಂದ ದಿನವೇ ಅವರ ಒಪ್ಪಿಗೆ ಫ್ಯಾಕ್ಸ್ ಆಯಿತು. ಅಂದು ಯಾವ ತಿಥಿ ಎಂದು ಯಾರೂ ನೋಡಲಿಲ್ಲ. ನಾನು ಆಗ ಏಳು ತಿಂಗಳ ಬಸುರಿ. ಕಾಲೇಜಿನ ಮುಂದಿನ ರಸ್ತೆಯಲ್ಲೇ ನಮ್ಮ ಕಾರು ಹಾದುಹೋಗುವಾಗ ಇವರು ಕೈ ತೋರಿಸಿ, "ನೋಡು, ನಿನ್ನ ಕಾಲೇಜು," ಎಂದಿದ್ದರು.

ಈಗ ಆಸ್ಟಿನ್‌ನಲ್ಲಿದ್ದೇವೆ. ಗ್ರೀನ್ ಕಾರ್ಡ್ ಬಂದ ಮೇಲೆ ನಾನೊಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತೇನೆ. ಫೋನಿನಲ್ಲಿ ನೋವು ಹೇಳಿಕೊಂಡರೆ ಯಾವ ಹಲ್ಲು, ಏನಾಗಿದೆ ಎಂದು ಅರ್ಧ ಮಾತಿಗೇ ಗೊತ್ತಾಗುತ್ತದೆ. ಡಾಕ್ಟರು ನೋಡಿ ಹೇಳುತ್ತಾರೆ ಎನ್ನುತ್ತೇನೆ.

ಹೋದ ವಾರ ಮಗಳು ತನ್ನ ಕೊರಿಯನ್ ಗೆಳತಿಯ ಮನೆಯಿಂದ ಹಳೆಯ ಡಿವಿಡಿಗಳನ್ನು ತಂದಳು. ಅದೇ ಹುಡುಗಿ, ಅದೇ ಭರಣಿ. ಈ ಸಲ ಕೆಳಗೆ ಇಂಗ್ಲಿಷ್ ಸಾಲುಗಳಿದ್ದವು. ಕೊನೆಯ ಕಂತಿನಲ್ಲಿ ಗಂಡ ಉಪ್ಪಿನಕಾಯಿ ಸೋರುವ ಕಾಗದ ಹಿಡಿದು ಓಡೋಡಿ ಬಂದು ಹೆಂಡತಿಯ ಕಾಲಿಗೆ ಬೀಳುತ್ತಾನೆ. ಅವಳು ಹೇಳುತ್ತಾಳೆ: ಮೊದಲ ದಿನವೇ ನನಗೆ ಗೊತ್ತಿತ್ತು. ಆ ಭರಣಿಗೆ ದಿನಾ ಕೈ ಹಾಕುವವಳು ನಾನೇ ತಾನೇ? ನೀನಾಗಿ ತಂದುಕೊಡುತ್ತೀಯಾ ಎಂದು ಕಾಯುತ್ತಿದ್ದೆ.

ನನ್ನ ಕೈಯಲ್ಲಿ ಬಿಡಿಸುತ್ತಿದ್ದ ಬಟಾಣಿ ಹಾಗೇ ಉಳಿಯಿತು. ಇರ್ವಿಂಗ್‌ನ ಮನೆಯ ಮೆಟ್ಟಿಲ ಕೆಳಗೇ ಅಂಚೆಪೆಟ್ಟಿಗೆ ಇತ್ತು, ನಲವತ್ತು ಹೆಜ್ಜೆ. ಮಧ್ಯಾಹ್ನ ಅತ್ತೆ ಮಲಗಿದಾಗ ಲಕೋಟೆ ಎತ್ತಿಕೊಂಡು ಹೋಗಿ ಹಾಕಬಹುದಿತ್ತು. ಸೋಮವಾರ ಒಮ್ಮೆ ಕೈಯಲ್ಲಿ ಹಿಡಿದು, ಮತ್ತೆ ಅಲ್ಲಿಯೇ ಇಟ್ಟಿದ್ದೆ. ಇವರಾಗಿ ತೆಗೆದುಕೊಂಡು ಹೋಗಿ ಹಾಕಲಿ ಎಂದು ನಾನೂ ಕಾದಿದ್ದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಬೈಯುವುದಕ್ಕೆ ಗಂಡ, ಅತ್ತೆ, ಅಮಾವಾಸ್ಯೆ ಎಲ್ಲ ಇದ್ದರು.

"ಎಂಥ ದಡ್ಡಿ," ಎಂದಳು ಮಗಳು ಇಂಗ್ಲಿಷಿನಲ್ಲಿ. "ಅವನು ತರದೇ ಇದ್ದಿದ್ದರೆ?"

ಸೋಫಾದ ಆ ತುದಿಯಲ್ಲಿ ಕೂತಿದ್ದ ಗಂಡ ನಗುತ್ತಿದ್ದರು. ಅವರಿಗೆ ಧಾರಾವಾಹಿ ಇಷ್ಟವಾಗಿತ್ತು.

"ನನ್ನ ಕಾಗದಾನೂ ಹಿಂಗ ಇತ್ತಲ್ರಿ," ಎಂದೆ.

ಅವರು ನನ್ನ ಕಡೆ ತಿರುಗಿದರು. "ಯಾವ ಕಾಗದ?"

ನಾಟಕವಲ್ಲ. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ.